ಡಾಲ್ಫಿನ್‌ಗಳ ಆಟ: ನೋಡಿದ್ದು ಮತ್ತು ಕಲಿತದ್ದು

 

ಈ ಸಲದ ಶೈಕ್ಷಣಿಕ ಪ್ರವಾಸದಲ್ಲಿ ನಾವು ಕಾರವಾರಕ್ಕೆ ಹೋಗಿ ಬಂದದ್ದು ನಿಮಗೆಲ್ಲ ಗೊತ್ತೇ ಇದೆ. ಬಂದ ಮಾರನೇ ದಿನದಿಂದ ಆರನೇ ತರಗತಿಯ ಹುಡುಗರು ನನ್ನನ್ನು ಬಿಡಲೇ ಇಲ್ಲ. "ಅಣ್ಣಾ, ಡಾಲ್ಫಿನ್ ನೋಡಿದ್ರಂತೆ, ಖರೇನಾ? ಎಷ್ಟು ದೊಡ್ಡದೈತಿ? ಕಡೀತೈತಾ? ನಮ್ಮ ಹಿನ್ನೀರಾಗ ಯಾಕಿಲ್ಲ?" ಹೀಗೆ ನೂರೆಂಟು ಪ್ರಶ್ನೆ. "ಒಬ್ಬೊಬ್ಬರಿಗೆ ಹೇಳಿ ಬಾಯಿ ನೋಯಿಸಿಕೊಳ್ಳಬೇಡ, ಗೋಡೆ ಪತ್ರಿಕೆಗೆ ಬರಿ" ಎಂದು ವಿಜ್ಞಾನದ ಮೇಷ್ಟ್ರು ಹೇಳಿದರು. ಅದಕ್ಕೇ ಈ ಲೇಖನ. ನೋಡಿದ್ದನ್ನು ನೋಡಿದ ಹಾಗೆ ಬರೆದಿದ್ದೇನೆ. ಉಳಿದದ್ದನ್ನು ಪುಸ್ತಕ ಓದಿ, ಮೇಷ್ಟ್ರನ್ನು ಕೇಳಿ ತಿಳಿದು ಬರೆದಿದ್ದೇನೆ. ಇದರಲ್ಲಿ ನಾನು ಮಾಡಿದ ಒಂದು ತಪ್ಪೂ ಇದೆ. ಅದನ್ನು ಮುಚ್ಚಿಟ್ಟಿಲ್ಲ.

ಸಮುದ್ರ ಕಂಡೆವು

ಹಗರಿಬೊಮ್ಮನಹಳ್ಳಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಬಸ್ಸು ಯಲ್ಲಾಪುರದ ಕಾಡು ಹೊಕ್ಕಿತು. ಆಮೇಲೆ ಅರಬೈಲ್ ಘಟ್ಟ ಇಳಿದು ಅಂಕೋಲಾ, ಅಲ್ಲಿಂದ ಕಾರವಾರ. ನಮ್ಮ ಹಂಪಸಾಗರದ ಹಿನ್ನೀರಿನ ದಂಡೆಯಲ್ಲಿ ನಿಂತು "ಇದಾ ಸಮುದ್ರ" ಅಂತ ಎಷ್ಟೋ ಸಲ ಅಂದಿದ್ದೆವು. ಅಲ್ಲಿ ಹೋಗಿ ನಿಂತಾಗ ಎಲ್ಲರೂ ಸುಮ್ಮನಾದೆವು. ಹಿನ್ನೀರಿಗೆ ಎದುರು ದಂಡೆ ಇದೆ. ಸಮುದ್ರಕ್ಕೆ ಆಚೆ ಕಡೆ ಆಕಾಶವೇ ದಂಡೆ.

ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುತ್ತದೆ. ನದಿ ತಂದ ಮಣ್ಣು, ಎಲೆ, ಸತ್ವ ಎಲ್ಲವೂ ಆ ಬಾಯಲ್ಲಿ ಬಂದು ಬೀಳುವುದರಿಂದ ಸಣ್ಣ ಮೀನು, ಸೀಗಡಿ ಅಲ್ಲಿ ಹೇರಳ. ಸಣ್ಣ ಮೀನು ಇದ್ದಲ್ಲಿ ದೊಡ್ಡ ಮೀನು, ಅವು ಇದ್ದಲ್ಲಿ ಡಾಲ್ಫಿನ್. ಎದುರಿಗೆ ಕೂರ್ಮಗಡ, ದೇವಗಡ ಎಂಬ ದ್ವೀಪಗಳಿವೆ. ದೇವಗಡದಲ್ಲಿ ದೀಪಸ್ತಂಭ ಇದೆ. ಈ ದ್ವೀಪಗಳಿಗೂ ದಂಡೆಗೂ ನಡುವಿನ ನೀರಿನಲ್ಲಿ ಡಾಲ್ಫಿನ್ ತೋರಿಸಲು ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ಯುತ್ತಾರೆ.

ಬೆಳಿಗ್ಗೆ ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿ ಕೂರಿಸಿದರು. ನಮ್ಮ ಕಡೆ ಮೀನು ಹಿಡಿಯಲು ಹರಿಗೋಲು ಇದ್ದರೆ ಅಲ್ಲಿ ಮೋಟಾರು ದೋಣಿ. ದೋಣಿ ನಡೆಸುವವರು ವಯಸ್ಸಾದವರು. ಅವರು ಹೆಚ್ಚು ಮಾತಾಡುತ್ತಿರಲಿಲ್ಲ.

ನಾನು ಮಾಡಿದ ತಪ್ಪು

ಅರ್ಧ ಗಂಟೆ ಏನೂ ಕಾಣಲಿಲ್ಲ. ಕೆಲವರಿಗೆ ವಾಂತಿ ಬಂದ ಹಾಗಾಯಿತು. ಆಗ ಎಡಗಡೆ ಬೂದು ಬಣ್ಣದ ಬೆನ್ನೊಂದು ನೀರಿನಿಂದ ಎದ್ದು ಮುಳುಗಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. "ಏ ನೋಡ್ರೋ! ಅಲ್ಲೈತಿ! ಅಲ್ಲೈತಿ!" ಎಂದು ದೋಣಿಯೇ ಅಲ್ಲಾಡುವ ಹಾಗೆ ಕೂಗಿದೆವು. ಒಂದು ಡಾಲ್ಫಿನ್ ಅರ್ಧ ಮೈ ಮೇಲೆತ್ತಿ ಧಪ್ ಎಂದು ಬಿತ್ತು. ನಾವು ಚಪ್ಪಾಳೆ ಹೊಡೆದೆವು. "ನಮಗೇ ಆಟ ತೋರಿಸಾಕತ್ತೈತಿ" ಎಂದು ನಾನು ಅಂದೆ.

ಅವು ಸ್ವಲ್ಪ ದೂರ ಸರಿದವು. ನಾನು ಎದ್ದು ನಿಂತು, "ಅಜ್ಜಾ, ಇನ್ನೂ ಜೋರು ಬಿಡ್ರಿ, ಹತ್ತಿರ ಹೋಗೂಣು" ಎಂದು ಕೂಗಿದೆ. ನನ್ನ ಹಿಂದೆ ಎಲ್ಲರೂ "ಜೋರು, ಜೋರು" ಎಂದರು. ಅವರು ಮೊದಲು ಕೇಳಲಿಲ್ಲ. ನಾವು ಬಿಡಲಿಲ್ಲ. ಕೊನೆಗೆ ಎಂಜಿನ್ ಜೋರು ಮಾಡಿದರು. ಅದೇ ಹೊತ್ತಿಗೆ ಆ ಕಡೆಯಿಂದ ಇನ್ನೊಂದು ಪ್ರವಾಸಿ ದೋಣಿಯೂ ಅವುಗಳ ಮೇಲೆ ನುಗ್ಗಿ ಬಂತು. ಎರಡು ದೋಣಿಗಳ ನಡುವೆ ಡಾಲ್ಫಿನ್‌ಗಳು ಸಿಕ್ಕಿಕೊಂಡವು. ಗುಂಪು ಚದುರಿತು. ನಮ್ಮ ದೋಣಿಯ ಪಕ್ಕದಲ್ಲೇ ಒಂದು ಸಣ್ಣ ಮರಿ, ಮೂರು ನಾಲ್ಕು ಅಡಿ ಉದ್ದ ಇರಬಹುದು, ಒಂದೇ ಒಂದು ಮೇಲೆ ಬಂತು. ಮುಳುಗಿತು. ಮತ್ತೆ ಮೇಲೆ ಬಂತು. ಅದರ ಜೊತೆ ಯಾರೂ ಇರಲಿಲ್ಲ.

ಆಗಲೂ ನಾನು, "ಮರಿ ಆಡಾಕತ್ತೈತಿ ನೋಡ್ರಿ!" ಎಂದೆ.

ಅಜ್ಜ ಎಂಜಿನ್ ಆರಿಸಿಬಿಟ್ಟರು. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಅದು ಆಡ್ತಾ ಇಲ್ಲ ತಮಾ, ಓಡ್ತಾ ಇದೆ."

ಅಷ್ಟೇ ಮಾತು. ದೋಣಿಯಲ್ಲಿ ಎಲ್ಲರೂ ಸುಮ್ಮನಾದರು. ಆ ಇನ್ನೊಂದು ದೋಣಿಗೂ ಅಜ್ಜ ಕೈ ಸನ್ನೆ ಮಾಡಿದರು. ಅದೂ ದೂರ ಹೋಯಿತು. ನಾವು ಅಲೆಯ ಮೇಲೆ ತೇಲುತ್ತ ಕೂತೆವು. ಸುಮಾರು ಹತ್ತು ನಿಮಿಷ ಆದ ಮೇಲೆ ಒಂದು ಶಬ್ದ ಕೇಳಿತು. ಎಮ್ಮೆ ಮೂಗಿನಿಂದ ಉಸಿರು ಬಿಟ್ಟ ಹಾಗೆ "ಫುಸ್" ಅಂತ. ದೊಡ್ಡದೊಂದು ಎದ್ದು ಉಸಿರು ಬಿಟ್ಟಿತ್ತು. ಅದರ ಪಕ್ಕೆಗೆ ಅಂಟಿಕೊಂಡ ಹಾಗೆ ಆ ಮರಿಯೂ ಎದ್ದಿತು. ಎಂಜಿನ್ ಶಬ್ದದಲ್ಲಿ ಇಷ್ಟು ಹೊತ್ತು ಈ ಉಸಿರು ನಮಗೆ ಕೇಳಿರಲೇ ಇಲ್ಲ.

ನಮ್ಮಲ್ಲಿ ಒಂದು ಗಾದೆ ಇದೆ: ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆವತ್ತು ಬೆಕ್ಕು ನಾನೇ.

ಮೀನಿನಂತೆ ಕಾಣುವ, ಮೀನಲ್ಲದ ಪ್ರಾಣಿ

ಡಾಲ್ಫಿನ್ ನೀರಿನಲ್ಲಿ ಇರುತ್ತದೆ, ಈಜುರೆಕ್ಕೆ ಇದೆ, ಮೀನು ತಿನ್ನುತ್ತದೆ. ಆದರೂ ಅದು ಮೀನಲ್ಲ. ಅದು ನಮ್ಮ ಹಾಗೆ, ಎಮ್ಮೆಯ ಹಾಗೆ ಸಸ್ತನಿ. ತಿಮಿಂಗಿಲದ ಬಳಗಕ್ಕೆ ಸೇರಿದ್ದು. ವ್ಯತ್ಯಾಸ ಹೀಗೆ ನೆನಪಿಡಿ:

1. ಮೀನು ಕಿವಿರಿನಿಂದ ನೀರಿನಲ್ಲೇ ಉಸಿರಾಡುತ್ತದೆ. ಡಾಲ್ಫಿನ್‌ಗೆ ಶ್ವಾಸಕೋಶ ಇದೆ. ನೆತ್ತಿಯ ಮೇಲೆ ಒಂದೇ ಮೂಗಿನ ಹೊಳ್ಳೆ. ಉಸಿರಿಗಾಗಿ ಮೇಲೆ ಬರಲೇಬೇಕು. ಬಾರದಿದ್ದರೆ ನೀರಿನಲ್ಲೇ ಉಸಿರು ಕಟ್ಟಿ ಸಾಯುತ್ತದೆ.

2. ಮೀನಿನ ಬಾಲ ನಿಂತ ಹಾಗಿದ್ದು ಎಡಬಲಕ್ಕೆ ಆಡುತ್ತದೆ. ಡಾಲ್ಫಿನ್ ಬಾಲ ಮಲಗಿದ ಹಾಗಿದ್ದು ಮೇಲೆ ಕೆಳಗೆ ಆಡುತ್ತದೆ.

3. ಬಹಳಷ್ಟು ಮೀನು ಮೊಟ್ಟೆ ಇಡುತ್ತವೆ. ಡಾಲ್ಫಿನ್ ಮರಿ ಹಾಕಿ ಹಾಲು ಕುಡಿಸುತ್ತದೆ.

4. ಡಾಲ್ಫಿನ್ ಬಿಸಿ ರಕ್ತದ ಪ್ರಾಣಿ. ಚರ್ಮದ ಕೆಳಗಿನ ಕೊಬ್ಬು ಅದಕ್ಕೆ ಕಂಬಳಿ.

ಅದರ ಮುಂದಿನ ಈಜುರೆಕ್ಕೆಯ ಒಳಗೆ ನಮ್ಮ ಕೈಯಲ್ಲಿರುವ ಹಾಗೆಯೇ ಐದು ಬೆರಳಿನ ಮೂಳೆಗಳಿವೆ. ಸುಮಾರು 5 ಕೋಟಿ ವರ್ಷಗಳ ಹಿಂದೆ ಇವುಗಳ ಪೂರ್ವಜರು ನಾಲ್ಕು ಕಾಲಿನಲ್ಲಿ ನೆಲದ ಮೇಲೆ ನಡೆಯುತ್ತಿದ್ದವು. ನಮ್ಮ ದೇಶದ ಕಚ್ ಪ್ರದೇಶದಲ್ಲೂ ಅಂಥ ಹಳೆಯ ತಿಮಿಂಗಿಲಗಳ ಪಳೆಯುಳಿಕೆ ಸಿಕ್ಕಿವೆ. ಈಗ ಬದುಕಿರುವ ಪ್ರಾಣಿಗಳಲ್ಲಿ ಇವುಗಳಿಗೆ ಹತ್ತಿರದ ನೆಂಟ ಯಾರು ಗೊತ್ತೇ? ನೀರಾನೆ.

ಕಾರವಾರದ ದಂಡೆಯ ಹತ್ತಿರ ಹೆಚ್ಚಾಗಿ ಕಾಣುವ ಜಾತಿಗೆ ಗೂನುಬೆನ್ನಿನ ಡಾಲ್ಫಿನ್ ಎನ್ನಬಹುದು. ಬೆನ್ನಿನ ರೆಕ್ಕೆಯ ಬುಡದಲ್ಲಿ ಎತ್ತಿನ ಹಿಣಿಲಿನ ಹಾಗೆ ಉಬ್ಬು ಇರುತ್ತದೆ. ಉದ್ದ ಸುಮಾರು ಎರಡೂವರೆ ಮೀಟರ್. ದೊಡ್ಡದರ ತೂಕ ಎರಡು ಕ್ವಿಂಟಲ್ ದಾಟುತ್ತದೆ, ಅಂದರೆ ಜೋಳದ ಎರಡು ಚೀಲಕ್ಕಿಂತ ಜಾಸ್ತಿ. ಇದು ಆಳ ಸಮುದ್ರಕ್ಕೆ ಹೋಗುವುದು ಕಡಿಮೆ. ದಂಡೆಯ ಹತ್ತಿರದ ಆಳವಿಲ್ಲದ ನೀರೇ ಇದರ ಮನೆ. ಬಂದರು, ಬಲೆ, ಪ್ರವಾಸಿ ದೋಣಿ, ಊರಿನ ಹೊಲಸು ಎಲ್ಲ ಸೇರುವುದೂ ಆ ನೀರಿಗೇ. ಅದರಿಂದಲೇ ಈ ಜಾತಿಯನ್ನು 2017ರಲ್ಲಿ ಅಳಿವಿನಂಚಿನ ಪ್ರಾಣಿ ಎಂದು ಜಾಗತಿಕ ಪಟ್ಟಿಗೆ ಸೇರಿಸಿದ್ದಾರೆ.

ಒಂದು ಸಲಕ್ಕೆ ಒಂದೇ ಮರಿ. ಗರ್ಭ ಹತ್ತರಿಂದ ಹನ್ನೆರಡು ತಿಂಗಳು, ಹೆಚ್ಚು ಕಡಿಮೆ ನಮ್ಮ ಎಮ್ಮೆಯ ಹಾಗೆ. ಆದರೆ ಎಮ್ಮೆಯ ಹಾಗೆ ಬೇಗ ಬೇಗ ಈಯುವುದಿಲ್ಲ. ಮರಿ ಎರಡು ವರ್ಷಕ್ಕೂ ಹೆಚ್ಚು ತಾಯಿಯ ಜೊತೆ ಇರುತ್ತದೆ. ಮುಂದಿನ ಮರಿಗೆ ಸುಮಾರು ಮೂರು ವರ್ಷ ಬೇಕು. ಆದ್ದರಿಂದ ಒಂದು ಮರಿ ಸತ್ತರೂ ಅದು ದೊಡ್ಡ ನಷ್ಟ.

ಕಿವಿಯಿಂದ ನೋಡುವುದು

ಕಲಕು ನೀರಿನಲ್ಲಿ ಕಣ್ಣು ಸಾಲದು. ಡಾಲ್ಫಿನ್ "ಟಕ್ ಟಕ್" ಎಂಬ ಸಣ್ಣ ಶಬ್ದಗಳನ್ನು ಹೊರಡಿಸುತ್ತದೆ. ಆ ಶಬ್ದ ಮೀನಿಗೋ ಕಲ್ಲಿಗೋ ಬಡಿದು ವಾಪಸ್ ಬರುತ್ತದೆ. ಆ ಪ್ರತಿಧ್ವನಿಯನ್ನು ಅದು ಕೆಳದವಡೆಯ ಮೂಲಕ ಗ್ರಹಿಸಿ, ಎದುರಿಗೆ ಏನಿದೆ, ಎಷ್ಟು ದೂರ ಇದೆ ಎಂದು ತಿಳಿಯುತ್ತದೆ. ಬಾವಲಿ ಕತ್ತಲಲ್ಲಿ ಹಾರುವುದೂ ಹೀಗೆಯೇ. ಎಂಟನೇ ತರಗತಿಯ ಶಬ್ದದ ಪಾಠ ನೆನಪು ಮಾಡಿಕೊಳ್ಳಿ: ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ನೀರಿನಲ್ಲಿ ಸುಮಾರು 1,500 ಮೀಟರ್ ಹೋಗುತ್ತದೆ. ನಾಲ್ಕು ಪಟ್ಟಿಗಿಂತ ಹೆಚ್ಚು.

ಇದಲ್ಲದೆ ಡಾಲ್ಫಿನ್‌ಗಳು ಸಿಳ್ಳೆ ಹಾಕಿ ಮಾತಾಡುತ್ತವೆ. ಬಾಟಲಿ ಮೂಗಿನ ಡಾಲ್ಫಿನ್ ಎಂಬ ಜಾತಿಯಲ್ಲಿ ಪ್ರತಿಯೊಂದಕ್ಕೂ ತನ್ನದೇ ಒಂದು ಸಿಳ್ಳೆ ಇರುತ್ತದೆ. ಅದು ಅದರ ಹೆಸರಿದ್ದ ಹಾಗೆ. ತಾಯಿ ಮರಿ ಬೇರೆಯಾದಾಗ ಸಿಳ್ಳೆಯಿಂದಲೇ ಒಂದನ್ನೊಂದು ಹುಡುಕುತ್ತವೆ.

ಈಗ ಯೋಚಿಸಿ. ಜಾತ್ರೆಯಲ್ಲಿ ತಾಯಿಯ ಕೈ ಬಿಟ್ಟು ಹೋದ ಮಗು ಅವ್ವನನ್ನು ಕೂಗುತ್ತಿದೆ. ಪಕ್ಕದಲ್ಲೇ ಯಾರೋ ಟ್ರ್ಯಾಕ್ಟರ್ ಚಾಲೂ ಮಾಡಿ ನಿಲ್ಲಿಸಿದ್ದಾರೆ. ಅವ್ವನಿಗೆ ಕೂಗು ಕೇಳೀತೇ? ದೋಣಿಯ ಎಂಜಿನ್ ನೀರಿನೊಳಗೆ ಮಾಡುವ ಕೆಲಸ ಅದೇ.

ಹಾಗಾದರೆ ಡಾಲ್ಫಿನ್ ಆಡುವುದೇ ಇಲ್ಲವೇ?

ಆಡುತ್ತವೆ. ಸುಳ್ಳಲ್ಲ. ಸಮುದ್ರದ ಪಾಚಿಯನ್ನು ರೆಕ್ಕೆಗೆ ಸಿಕ್ಕಿಸಿಕೊಂಡು ಎಳೆದಾಡುತ್ತವೆ, ಒಂದು ಬಿಟ್ಟರೆ ಇನ್ನೊಂದು ಹಿಡಿಯುತ್ತದೆ. ಕೆಲವು ಜಾತಿಗಳು ಓಡುವ ಹಡಗಿನ ಮೂತಿಯ ಮುಂದೆ ಏಳುವ ನೀರಿನ ಒತ್ತಡದ ಮೇಲೆ ಸವಾರಿ ಮಾಡುತ್ತವೆ. ಹೆಚ್ಚು ಬಾಲ ಬಡಿಯದೆ ಹಡಗಿನ ಜೊತೆ ಸಾಗುತ್ತವೆ. ನಾವು ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಸೈಕಲ್ ಬಿಡುವ ಹಾಗೆ. ನ್ಯೂಜಿಲೆಂಡ್ ದೇಶದಲ್ಲಿ ಒಂದು ಡಾಲ್ಫಿನ್ 1888ರಿಂದ 1912ರವರೆಗೆ, ಅಂದರೆ 24 ವರ್ಷ, ಬಂದುಹೋಗುವ ಹಡಗುಗಳ ಜೊತೆ ಈಜುತ್ತಿತ್ತು. ಜನ ಅದಕ್ಕೆ ಪೆಲೋರಸ್ ಜ್ಯಾಕ್ ಎಂದು ಹೆಸರಿಟ್ಟಿದ್ದರು. ಅದನ್ನು ಕಾಪಾಡಲು ಅಲ್ಲಿನ ಸರ್ಕಾರ 1904ರಲ್ಲಿ ಆಜ್ಞೆಯನ್ನೇ ಹೊರಡಿಸಿತು.

ಆದರೆ ಗೂನುಬೆನ್ನಿನ ಡಾಲ್ಫಿನ್ ಸಂಕೋಚದ ಪ್ರಾಣಿ. ಹಡಗಿನ ಮುಂದೆ ಸವಾರಿ ಮಾಡುವುದು ಅಪರೂಪ. ದೋಣಿ ಮೈಮೇಲೆ ಬಂದರೆ ಮುಳುಗಿ ದೂರ ಹೋಗಿ ಏಳುತ್ತದೆ. ಇನ್ನು ನೀರಿನಿಂದ ಹಾರುವುದಕ್ಕೆ ಕಾರಣ ಹಲವು: ಆಟ, ಜೊತೆಯವರಿಗೆ ಸೂಚನೆ, ಮೈಗೆ ಅಂಟಿದ ಜಂತು ಕೊಡವುದು, ಮೀನನ್ನು ಗುಂಪುಗೂಡಿಸುವುದು, ಕೆಲವು ಸಲ ಗಾಬರಿ. ಹಾರಿದ್ದೆಲ್ಲ ಖುಷಿಯಿಂದ ಅಲ್ಲ.

"ಅದು ನಗ್ತಾ ಇತ್ತಲ್ಲ!" ಎಂದು ನನ್ನ ಗೆಳೆಯ ವಾದ ಮಾಡಿದ. ಮೇಷ್ಟ್ರು ಹೇಳಿದ್ದು: ಡಾಲ್ಫಿನ್‌ನ ದವಡೆಯ ಆಕಾರವೇ ನಗುವಿನ ಹಾಗಿದೆ. ನೋವಾದಾಗಲೂ, ಸತ್ತಾಗಲೂ ಅದರ ಮುಖ ನಕ್ಕ ಹಾಗೇ ಕಾಣುತ್ತದೆ. ಆದ್ದರಿಂದ ಮುಖ ನೋಡಿ ತೀರ್ಮಾನಿಸಬೇಡಿ, ನಡತೆ ನೋಡಿ. ತಾನಾಗಿ ದೋಣಿಯ ಹತ್ತಿರ ಬಂದರೆ ಅದು ಆಟ ಇರಬಹುದು. ದೋಣಿ ಬಂದ ಕಡೆಯಿಂದ ಮತ್ತೆ ಮತ್ತೆ ದಿಕ್ಕು ಬದಲಿಸಿದರೆ, ಹೆಚ್ಚು ಹೊತ್ತು ಮುಳುಗಿ ದೂರ ಎದ್ದರೆ, ಗುಂಪು ಚದುರಿದರೆ ಅದು ಓಟ.

ಒಂದು ಸಲ ಓಡಿಸಿದರೆ ಏನಾದೀತು ಎನ್ನಬಹುದು. ಆದರೆ ಆಸ್ಟ್ರೇಲಿಯಾದ ಶಾರ್ಕ್ ಬೇ ಎಂಬಲ್ಲಿ ವಿಜ್ಞಾನಿಗಳು ಬಹಳ ವರ್ಷ ಲೆಕ್ಕ ಇಟ್ಟು 2006ರಲ್ಲಿ ಪ್ರಕಟಿಸಿದರು. ಅಲ್ಲಿ ಡಾಲ್ಫಿನ್ ತೋರಿಸುವವರು ಒಬ್ಬರಿದ್ದದ್ದು ಇಬ್ಬರಾದ ಮೇಲೆ ಆ ಜಾಗದ ಡಾಲ್ಫಿನ್‌ಗಳ ಸಂಖ್ಯೆಯೇ ಕಡಿಮೆಯಾಗಿತ್ತು. ಸರ್ಕಾರ ಮತ್ತೆ ಒಬ್ಬರಿಗೆ ಮಾತ್ರ ಪರವಾನಗಿ ಕೊಟ್ಟಿತು. ಓಡಿ ಓಡಿ ದಣಿದ ಡಾಲ್ಫಿನ್‌ಗೆ ತಿನ್ನಲು, ವಿಶ್ರಾಂತಿಗೆ, ಮರಿಗೆ ಹಾಲು ಕುಡಿಸಲು ಹೊತ್ತು ಸಿಗುವುದಿಲ್ಲ.

ನಮ್ಮ ಹೊಳೆಯಲ್ಲಿ ಯಾಕಿಲ್ಲ?

ಇದು ಆರನೇ ತರಗತಿಯವರ ಪ್ರಶ್ನೆ. ನದಿಯಲ್ಲಿ ಬದುಕುವ ಡಾಲ್ಫಿನ್‌ಗಳೂ ಇವೆ. ಗಂಗಾ, ಬ್ರಹ್ಮಪುತ್ರ ನದಿಗಳಲ್ಲಿ ಗಂಗಾ ಡಾಲ್ಫಿನ್ ಇದೆ. ಅದರ ಕಣ್ಣು ಬಹುತೇಕ ಕುರುಡು, ಬೆಳಕು ಕತ್ತಲೆ ಮಾತ್ರ ತಿಳಿಯುತ್ತದೆ. ಶಬ್ದವೇ ಅದಕ್ಕೆ ದಾರಿ. ಉಸಿರು ಬಿಡುವ ಸದ್ದಿನಿಂದಲೇ ಅದಕ್ಕೆ ಆ ಕಡೆ "ಸೂಂಸ್" ಎಂದು ಹೆಸರು. 2009ರಲ್ಲಿ ಅದನ್ನು ನಮ್ಮ ರಾಷ್ಟ್ರೀಯ ಜಲಚರ ಎಂದು ಘೋಷಿಸಿದರು. 2025ರಲ್ಲಿ ಪ್ರಕಟವಾದ ಗಣತಿಯಲ್ಲಿ 6,324 ಗಂಗಾ ಡಾಲ್ಫಿನ್‌ಗಳ ಅಂದಾಜು ಸಿಕ್ಕಿದೆ. ಚೀನಾದ ಯಾಂಗ್‌ಟ್ಸಿ ನದಿಯಲ್ಲೂ ಒಂದು ಜಾತಿ ಇತ್ತು. 2006ರಲ್ಲಿ ವಾರಗಟ್ಟಲೆ ಹುಡುಕಿದರೂ ಒಂದೂ ಕಾಣಲಿಲ್ಲ.

ನಮ್ಮ ದಕ್ಷಿಣದ ನದಿಗಳಲ್ಲಿ ನದಿ ಡಾಲ್ಫಿನ್ ಇಲ್ಲ. ಗಂಗೆಗೆ ಹಿಮಾಲಯದ ಹಿಮ ಕರಗಿದ ನೀರೂ ಬರುತ್ತದೆ. ನಮ್ಮ ತುಂಗಭದ್ರೆ ಮಳೆಯನ್ನೇ ನಂಬಿದ ಹೊಳೆ, ತಳವೆಲ್ಲ ಬಂಡೆ. 1953ರಲ್ಲಿ ಡ್ಯಾಂ ಆದ ಮೇಲೆ ಹಿನ್ನೀರು ನಿಂತಿದೆ ನಿಜ. ಆದರೆ ಬೇಸಿಗೆಯಲ್ಲಿ ಅದು ಎಷ್ಟು ಹಿಂದೆ ಸರಿದು ಬಯಲು ಬೀಳುತ್ತದೆ ಎಂದು ನಮಗೇ ಗೊತ್ತು. ಎಂಟು ಅಡಿಯ ಪ್ರಾಣಿ ವರ್ಷವಿಡೀ ಉಳಿಯಬೇಕೆಂದರೆ ಆಳದ ನೀರು ಎಂದೂ ಬತ್ತಬಾರದು.

ಅಂದ ಮಾತ್ರಕ್ಕೆ ನಮ್ಮ ಹೊಳೆ ಬರಿದಲ್ಲ. ನೀರಿನಲ್ಲಿ ಆಡುವ ಪ್ರಾಣಿ ನಮ್ಮಲ್ಲೂ ಇದೆ, ಅದೇ ನೀರುನಾಯಿ. ಅದೂ ಸಸ್ತನಿ, ಗುಂಪಿನಲ್ಲಿ ಇರುತ್ತದೆ, ಉಸಿರಿಗೆ ಮೇಲೆ ಬರುತ್ತದೆ. ಡ್ಯಾಮಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗೆ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಎಂದು ಸರ್ಕಾರ ಘೋಷಿಸಿದೆ.

ಇನ್ನೊಂದು ಮಾತು ಹೇಳಬೇಕು. ನಮ್ಮ ತಾಲ್ಲೂಕಿನ ಅಂಕಸಮುದ್ರದ ಕೆರೆಯಲ್ಲಿ ಜಾಲಿ ಮರಗಳ ಮೇಲೆ ಸಾವಿರಾರು ಹಕ್ಕಿಗಳು ಗೂಡು ಕಟ್ಟುತ್ತವೆ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳಲ್ಲಿ ಒಂದಾಯಿತು. ಹೋದ ವರ್ಷ ಅಲ್ಲಿಗೆ ಹೋದಾಗ ಹಕ್ಕಿ ಹಾರುವುದು ನೋಡಬೇಕೆಂದು ನಾವು ಕೂಗಿ, ಚಪ್ಪಾಳೆ ಹೊಡೆದು ಎಬ್ಬಿಸಿದ್ದೆವು. ಆಕಾಶ ತುಂಬ ಹಕ್ಕಿ ಎದ್ದಾಗ ಬಹಳ ಖುಷಿಯಾಗಿತ್ತು. ಗೂಡಿನಲ್ಲಿ ಮೊಟ್ಟೆ, ಮರಿ ಬಿಸಿಲಿಗೆ ಬಿದ್ದವು, ಕಾಗೆ ಹದ್ದುಗಳಿಗೆ ದಾರಿಯಾಯಿತು ಎಂಬುದು ಆಗ ಹೊಳೆಯಲಿಲ್ಲ. ಕಾರವಾರದ ಅಜ್ಜನ ಮಾತು ಕೇಳಿದ ಮೇಲೆ ಅದೂ ನೆನಪಾಯಿತು.

ಮುಂದೆ ಹೋಗುವವರು ನೆನಪಿಡಬೇಕಾದ್ದು

1. ದೋಣಿ ಡಾಲ್ಫಿನ್‌ನಿಂದ ಕಡಿಮೆ ಎಂದರೆ 50 ಮೀಟರ್ ದೂರ ಇರಲಿ. ಕಬಡ್ಡಿ ಅಂಕಣದ ಉದ್ದ 13 ಮೀಟರ್. ಅಂಥ ನಾಲ್ಕು ಅಂಕಣ ಎಂದು ಅಂದಾಜು ಮಾಡಿ.

2. ಗುಂಪಿನ ಮಧ್ಯೆ ದೋಣಿ ನುಗ್ಗಿಸಬಾರದು. ಎದುರಿನಿಂದ ಅಡ್ಡ ಹಾಕಬಾರದು. ಪಕ್ಕದಲ್ಲಿ ನಿಧಾನ ಹೋಗಬೇಕು, ಇಲ್ಲವೇ ಎಂಜಿನ್ ಆರಿಸಿ ಕಾಯಬೇಕು.

3. ಮರಿ ಕಂಡರೆ ಇನ್ನೂ ದೂರ ಸರಿಯಬೇಕು.

4. ಕೂಗಬಾರದು, ತಿಂಡಿ ಎಸೆಯಬಾರದು, ಪ್ಲಾಸ್ಟಿಕ್ ನೀರಿಗೆ ಬಿಡಬಾರದು.

5. "ಜೋರು ಬಿಡ್ರಿ" ಎಂದು ದೋಣಿಯವರನ್ನು ಒತ್ತಾಯ ಮಾಡಬಾರದು. ಅವರ ಹೊಟ್ಟೆಪಾಡು ನಮ್ಮ ಕೈಯಲ್ಲಿದೆ. ನಾವು ಕೇಳಿದರೆ ಅವರು ಇಲ್ಲ ಅನ್ನುವುದು ಕಷ್ಟ.

ಡಾಲ್ಫಿನ್ ಹಿಡಿಯುವುದು, ಕೊಲ್ಲುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಜೈಲು ಶಿಕ್ಷೆ ಇದೆ. ಡಾಲ್ಫಿನ್‌ಗಳನ್ನು ತೊಟ್ಟಿಯಲ್ಲಿಟ್ಟು ಆಟ ಆಡಿಸುವ ಪ್ರದರ್ಶನಗಳನ್ನೂ ಕೇಂದ್ರ ಸರ್ಕಾರ 2013ರಲ್ಲಿ ಬೇಡ ಎಂದಿದೆ. ಅಂದರೆ ನೋಡಬೇಕಾದರೆ ಅದರ ಮನೆಗೇ ಹೋಗಬೇಕು. ಮನೆಗೆ ಹೋದ ನೆಂಟರು ಹೇಗಿರಬೇಕೋ ಹಾಗೆ ಇರಬೇಕು.

ನನಗೆ ಆ ಹತ್ತು ನಿಮಿಷ ಮರೆಯುವುದಿಲ್ಲ. ಓಡಿಸಿದಾಗ ಕಂಡದ್ದು ಬರೀ ಬೆನ್ನು. ಸುಮ್ಮನೆ ಕೂತಾಗ ತಾಯಿ ಮರಿಯ ಉಸಿರು ಕೇಳಿತು.

ಉತ್ತರಿಸಿ ನೋಡೋಣ

1. ದೂರದಿಂದ ಬಾಲ ಮಾತ್ರ ಕಂಡರೆ ಅದು ಮೀನೋ ಡಾಲ್ಫಿನ್ನೋ ಹೇಗೆ ಹೇಳುವಿರಿ?

2. ಬಲೆಗೆ ಸಿಕ್ಕ ಡಾಲ್ಫಿನ್ ನೀರಿನಲ್ಲೇ ಇದ್ದರೂ ಯಾಕೆ ಸಾಯುತ್ತದೆ?

3. ಒಂದು ಡಾಲ್ಫಿನ್ ಹೊರಡಿಸಿದ ಶಬ್ದ 75 ಮೀಟರ್ ದೂರದ ಮೀನಿಗೆ ಬಡಿದು ವಾಪಸ್ ಬರಲು ಎಷ್ಟು ಹೊತ್ತು ಬೇಕು? (ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 1,500 ಮೀಟರ್ ಎಂದು ಹಿಡಿಯಿರಿ. ಹೋಗುವ ದಾರಿ, ಬರುವ ದಾರಿ ಎರಡೂ ಲೆಕ್ಕಕ್ಕೆ ಬರಬೇಕು.)

4. ನಮ್ಮ ಊರಿನ ಸುತ್ತ ನಾವು ಆಟ ಎಂದುಕೊಂಡು ಓಡಿಸುತ್ತಿರುವ ಪ್ರಾಣಿ ಪಕ್ಷಿ ಯಾವುವು? ಪಟ್ಟಿ ಮಾಡಿ.

ಉತ್ತರಗಳನ್ನು ಚೀಟಿಯಲ್ಲಿ ಬರೆದು ಪತ್ರಿಕೆಯ ಕೆಳಗಿನ ಡಬ್ಬಿಗೆ ಹಾಕಿ. ನಾಲ್ಕನೆಯದಕ್ಕೆ ಬಂದ ಉತ್ತರಗಳನ್ನೆಲ್ಲ ಮುಂದಿನ ತಿಂಗಳ ಪತ್ರಿಕೆಯಲ್ಲಿ ಬರೆದು ಹಾಕುತ್ತೇವೆ. ಮೊದಲ ಸಾಲಿನಲ್ಲಿ ನನ್ನದೇ ಇರುತ್ತದೆ.

— ಒಂಬತ್ತನೇ ತರಗತಿಯ ವಿದ್ಯಾರ್ಥಿ, ಹಂಪಸಾಗರ